ಜಮಖಂಡಿಯ ಮಹರ್ಷಿ ವಿಠ್ಠಲ ರಾಮಜೀ ಶಿಂದೆ: ಕೇರಿಯ ಲೆಕ್ಕ ಹಿಡಿದು ಮಕ್ಕಳನ್ನು ಉಳಿಸಿದವರು

ಕೆಲಸದ ನಿಮಿತ್ತ ಪುಣೆಯ ನಾನಾ ಪೇಠೆಯ ಓಣಿಗಳನ್ನು ಹಾದುಹೋಗುವ ಕನ್ನಡಿಗರು ಬಹುಮಂದಿ. ಅಲ್ಲಿಯ ಅಹಿಲ್ಯಾಶ್ರಮದ ಹೆಸರನ್ನು ಅವರಲ್ಲಿ ಅನೇಕರು ಕೇಳಿರಬಹುದು. ಆದರೆ ಅದನ್ನು ಕಟ್ಟಿ ಬೆಳೆಸಿದ ಮಹನೀಯರು ಕನ್ನಡ ನೆಲದಲ್ಲಿ ಹುಟ್ಟಿ, ಕನ್ನಡದ ಮಾತನ್ನು ಕೇಳುತ್ತ ಬೆಳೆದು, ನಮ್ಮಂತೆಯೇ ಹೊಟ್ಟೆಪಾಡು ಮತ್ತು ವಿದ್ಯೆಗಳ ಆಸೆಯಿಂದ ಈ ಊರಿಗೆ ಬಂದವರೆಂಬುದು ಬಲ್ಲವರು ವಿರಳ. ಮಹರ್ಷಿ ಎಂಬ ಬಿರುದಿನಿಂದ ಮಹಾರಾಷ್ಟ್ರವು ಗೌರವಿಸುವ ವಿಠ್ಠಲ ರಾಮಜೀ ಶಿಂದೆಯವರೇ ಆ ಮಹನೀಯರು.

ಅಸ್ಪೃಶ್ಯತಾ ನಿವಾರಣೆಯ ಕಾರ್ಯಕ್ಕಾಗಿ ಅವರ ಹೆಸರು ಪ್ರಸಿದ್ಧವಾಗಿದೆ. ಆ ಕಾರ್ಯವನ್ನು ಅವರು ಯಾವ ಕ್ರಮದಿಂದ ನಡೆಸಿದರೆಂಬುದು ಅಷ್ಟು ಪ್ರಸಿದ್ಧವಾಗಿಲ್ಲ. ಒಂದು ಕೇರಿಯ ಮಕ್ಕಳು ಕೆಟ್ಟ ದಾರಿ ಹಿಡಿಯುತ್ತಾರೆಂದು ದೂರುವ ಮೊದಲು ಆ ಕೇರಿಯಲ್ಲಿ ಎಷ್ಟು ಮನೆಗಳಿವೆ, ಎಷ್ಟು ಮಕ್ಕಳಿದ್ದಾರೆ, ಅವರಲ್ಲಿ ಓದುವವರೆಷ್ಟು, ದುಡಿಯುವವರೆಷ್ಟು ಎಂಬುದನ್ನು ತಿಳಿಯಬೇಕು. ತಿಳಿದ ಮೇಲೆ ಕೇರಿಯ ಒಳಗೇ ಹೋಗಿ ಶಾಲೆ ತೆರೆಯಬೇಕು. ಇದೇ ಅವರ ಕ್ರಮವಾಗಿದ್ದಿತು. ಊರು ಬಿಟ್ಟು ಬಂದ ಹುಡುಗರು ನಮ್ಮ ಹೊಟೇಲುಗಳಲ್ಲಿ ಇರುವಷ್ಟು ಕಾಲ ಈ ಕ್ರಮವು ನಮಗೂ ಸಂಬಂಧಿಸಿದ ವಿಷಯವಾಗಿದೆ.

ಶಿಂದೆಯವರು ಜನಿಸಿದುದು 1873ನೆಯ ಇಸವಿಯ ಏಪ್ರಿಲ್ 23ರಂದು, ಜಮಖಂಡಿಯಲ್ಲಿ. ಆಗ ಅದು ಪಟವರ್ಧನ ಮನೆತನದ ಒಂದು ಚಿಕ್ಕ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ವಿಶಾಲ ಮೈಸೂರು ರಾಜ್ಯದ ಭಾಗವಾಗಿ, ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ದರಬಾರದ ಭಾಷೆ ಮರಾಠಿ, ಸಂತೆಯ ಭಾಷೆ ಕನ್ನಡ. ಶಿಂದೆಯವರದು ಮರಾಠಾ ಮನೆತನ. ತಂದೆ ರಾಮಜೀಯವರು ಪಂಢರಿಯ ವಾರಕರಿಗಳು, ತಾಯಿ ಯಮುನಾಬಾಯಿ. ವಿಠೋಬನ ಭಕ್ತಿಯ ಆ ಮನೆಯಲ್ಲಿ ಜಾತಿಯ ಬಿಗಿತವು ನೆರೆಹೊರೆಗಿಂತ ಕಡಿಮೆಯಾಗಿದ್ದಿತು. ಎರಡು ಭಾಷೆಗಳ ನಡುವೆ ಬೆಳೆದ ಈ ಬಾಲಕನು ಮುಂದೆ ದೊಡ್ಡವನಾದ ಮೇಲೆ ಕನ್ನಡ ಮರಾಠಿಗಳ ಪರಸ್ಪರ ಸಂಬಂಧವನ್ನು ಕುರಿತು ಸಂಶೋಧನೆ ನಡೆಸಿದುದು ಆಶ್ಚರ್ಯವಲ್ಲ.

ಅಂದಿನ ರೂಢಿಯಂತೆ ಬಾಲ್ಯದಲ್ಲಿಯೇ ಅವರ ವಿವಾಹವಾಯಿತು. ಮನೆಯ ಸ್ಥಿತಿ ಬರಬರುತ್ತ ಇಳಿಮುಖವಾಗಿ ಬಡತನವು ಬಾಗಿಲಿಗೆ ಬಂದಿತು. 1891ರಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು ಮುಗಿಸಿ, ಕೆಲಕಾಲ ಶಿಕ್ಷಕವೃತ್ತಿಯನ್ನು ಮಾಡಿ, 1893ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿದರು. ಕೈಯಲ್ಲಿ ಹಣವಿಲ್ಲದ ಪರವೂರಿನ ವಿದ್ಯಾರ್ಥಿಗೆ ಈ ಊರಿನಲ್ಲಿ ಕೋಣೆ, ಊಟ, ಫೀಸುಗಳ ಚಿಂತೆ ಎಂತಹುದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಮರಾಠಾ ಶಿಕ್ಷಣಸಂಸ್ಥೆಯೊಂದರ ನೆರವು ಮತ್ತು ಬಡೋದೆಯ ಸಯಾಜಿರಾವ ಗಾಯಕವಾಡ ಮಹಾರಾಜರ ವಿದ್ಯಾರ್ಥಿವೇತನ ಇವುಗಳ ಬಲದಿಂದ 1898ರಲ್ಲಿ ಅವರು ಬಿ.ಎ. ಪದವಿಯನ್ನು ಪಡೆದರು. ಅದೇ ವರ್ಷ ಪ್ರಾರ್ಥನಾ ಸಮಾಜವನ್ನು ಸೇರಿದರು. ವಕೀಲಿಯ ಓದನ್ನು ಹಿಡಿದಿದ್ದ ತರುಣನು ಹಣದ ದಾರಿಯನ್ನು ಬಿಟ್ಟು ಧರ್ಮಪ್ರಚಾರದ ಬಡ ದಾರಿಯನ್ನು ಆರಿಸಿಕೊಂಡುದು ಬಂಧುಗಳಿಗೆ ಸಮಾಧಾನವನ್ನುಂಟುಮಾಡಿರಲಾರದು.

1901ರಲ್ಲಿ ಯುನಿಟೇರಿಯನ್ ಪಂಥದವರ ವಿದ್ಯಾರ್ಥಿವೇತನದಿಂದ ಅವರು ಇಂಗ್ಲೆಂಡಿಗೆ ಹೋಗಿ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಎರಡು ವರ್ಷ ತೌಲನಿಕ ಧರ್ಮಶಾಸ್ತ್ರವನ್ನು ಅಭ್ಯಸಿಸಿದರು. ಆ ದೇಶದ ಅಂದಿನ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಅವಶ್ಯ. ಚಾರ್ಲ್ಸ್ ಬೂತ್ ಎಂಬ ಹಡಗು ಕಂಪನಿಯ ಒಡೆಯನು ಲಂಡನ್ನಿನ ಬಡವರು ಎಷ್ಟೆಂಬ ವಾದಕ್ಕೆ ಊಹೆಯಿಂದ ಉತ್ತರ ಹೇಳದೆ, ಬೀದಿಬೀದಿಗಳ ಮಾಹಿತಿಯನ್ನು ಶೇಖರಿಸಿ, ಒಂದೊಂದು ಬೀದಿಗೂ ಅದರ ಸ್ಥಿತಿಗೆ ತಕ್ಕ ಬಣ್ಣವನ್ನು ಬಳಿದ ನಕಾಶೆಯನ್ನು ಸಿದ್ಧಪಡಿಸಿದ್ದನು. ಜಗತ್ತಿನ ಅತ್ಯಂತ ಶ್ರೀಮಂತ ನಗರದಲ್ಲಿ ನೂರಕ್ಕೆ 30ಕ್ಕಿಂತ ಹೆಚ್ಚು ಜನರು ದಾರಿದ್ರ್ಯದಲ್ಲಿರುವರೆಂದು ಆ ಲೆಕ್ಕವು ತೋರಿಸಿತು. 1889ರಲ್ಲಿ ಆರಂಭವಾದ ಆ ಗ್ರಂಥಮಾಲೆಯು ಪೂರ್ಣಗೊಂಡುದು ಶಿಂದೆಯವರು ಇಂಗ್ಲೆಂಡಿನಲ್ಲಿದ್ದ ಕಾಲದಲ್ಲಿಯೇ. ಆದರೆ ಬೂತನ ನಕಾಶೆಯಲ್ಲಿ ಒಂದು ದೋಷವೂ ಇದ್ದಿತು. ಕಡುಬಡವರ ಬೀದಿಗಳಿಗೆ ಕಪ್ಪು ಬಣ್ಣವನ್ನು ಬಳಿದು, ಅಲ್ಲಿಯ ಜನರನ್ನು ಅರೆ ಅಪರಾಧಿಗಳ ವರ್ಗವೆಂದು ಅದು ಹೆಸರಿಸಿತ್ತು. ಬೀದಿಯ ಸ್ಥಿತಿಯನ್ನು ತಿಳಿಸಬೇಕಾದ ಲೆಕ್ಕವು ಜನರ ಹಣೆಯ ಮೇಲೆ ಮುದ್ರೆಯೊತ್ತಲೂ ಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

1903ರ ಸೆಪ್ಟೆಂಬರಿನಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ನಡೆದ ಉದಾರಧರ್ಮೀಯರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಭಾಗವಹಿಸಿ ಶಿಂದೆಯವರು ಸ್ವದೇಶಕ್ಕೆ ಮರಳಿದರು. ಮುಂಬಯಿ ಪ್ರಾರ್ಥನಾ ಸಮಾಜದ ಪ್ರಚಾರಕರಾಗಿ ಊರೂರು ಸುತ್ತಿದರು. ಬಡೋದೆಯ ಮಹಾರಾಜರ ಇಚ್ಛೆಯಂತೆ ಆ ಸಂಸ್ಥಾನದಲ್ಲಿ ಅಂತ್ಯಜರೆನಿಸಿದ್ದವರ ಮಕ್ಕಳಿಗಾಗಿ ನಡೆಯುತ್ತಿದ್ದ ಶಾಲೆಗಳನ್ನು ಕಣ್ಣಾರೆ ಪರೀಕ್ಷಿಸಿ ವರದಿಯನ್ನು ಒಪ್ಪಿಸಿದರು. ಅಹಮದನಗರದ ಬಳಿಯ ಭಿಂಗಾರದಲ್ಲಿ ಅಸ್ಪೃಶ್ಯರೆನಿಸಿಕೊಂಡ ಬಾಂಧವರು ಸೇರಿಸಿದ ಸಭೆಗೆ ಹೋಗಿ, ಅವರ ಸೇವೆಗೆ ತಮ್ಮ ಜೀವನವನ್ನು ಮುಡಿಪಾಗಿಡುವ ನಿರ್ಧಾರವನ್ನು ಕೈಗೊಂಡರು. 1905ರಲ್ಲಿ ಪುಣೆಯಲ್ಲಿ ಒಂದು ರಾತ್ರಿಶಾಲೆಯನ್ನು ತೆರೆದರು.

ಇಷ್ಟರಲ್ಲಿ ಅವರು ಇನ್ನೊಂದು ಕೆಲಸವನ್ನೂ ಮಾಡಿದರು. 1901ರ ಜನಗಣತಿಯ ವರದಿಗಳನ್ನು ತೆರೆದು, ದೇಶದಲ್ಲಿ ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಸಂಖ್ಯೆಯನ್ನು ಪ್ರಾಂತವಾರು ಕೂಡಿಸಿದರು. ಮೊತ್ತವು ಐದು ಕೋಟಿಯನ್ನು ಮೀರಿತು. ಆ ಸಂಖ್ಯೆಯನ್ನು ಲೇಖನಗಳ ಮೂಲಕ ಜನರ ಮುಂದಿಟ್ಟರು. ಅಸ್ಪೃಶ್ಯತೆಯು ಕೆಲವು ಊರುಗಳ ಕೆಲವು ಕೇರಿಗಳ ಮಾತೆಂದು ಭಾವಿಸಿ ಮರುಗಿ ಸುಮ್ಮನಾಗುತ್ತಿದ್ದ ಸುಧಾರಕರಿಗೆ ಅದು ಸಮಗ್ರ ರಾಷ್ಟ್ರದ ಪ್ರಶ್ನೆಯೆಂದು ತೋರಿಸಿಕೊಟ್ಟುದು ಈ ಅಂಕಿ. ಕರುಣೆಯಿಂದ ಕಣ್ಣೀರು ಬರಬಹುದು. ಆದರೆ ಎಷ್ಟು ಶಾಲೆಗಳು ಬೇಕು, ಎಷ್ಟು ಶಿಕ್ಷಕರು ಬೇಕು ಎಂಬುದು ಲೆಕ್ಕದಿಂದಲೇ ತಿಳಿಯತಕ್ಕದ್ದು. ಗಲ್ಲೆಯ ಹಿಂದೆ ಕುಳಿತು ದಿನದ ವ್ಯಾಪಾರವನ್ನು ಬರೆದಿಟ್ಟವರಿಗೆ ಈ ಮಾತು ಹೊಸದಲ್ಲ.

1906ರ ಅಕ್ಟೋಬರ್ 18ರಂದು ಮುಂಬಯಿಯ ಪರಳ ಭಾಗದಲ್ಲಿ ಭಾರತೀಯ ನಿರಾಶ್ರಿತ ಸಾಹಾಯ್ಯಕಾರಿ ಮಂಡಳಿಯು ಸ್ಥಾಪಿತವಾಯಿತು. ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಹೆಸರಿನಿಂದ ಅದು ದೇಶವಿಖ್ಯಾತವಾಯಿತು. ಅದರ ಅಧ್ಯಕ್ಷಸ್ಥಾನವನ್ನು ವಹಿಸಿದ ಸರ್ ನಾರಾಯಣ ಚಂದಾವರಕರರು ಉತ್ತರ ಕನ್ನಡದ ಹೊನ್ನಾವರದಲ್ಲಿ ಜನಿಸಿದವರು. ಹೀಗೆ ಮುಂಬಯಿಯ ಗಿರಣಿ ಕೆಲಸಗಾರರ ನಡುವೆ ಆರಂಭವಾದ ಈ ಸಂಸ್ಥೆಯ ಇಬ್ಬರು ಪ್ರಮುಖರೂ ಇಂದಿನ ಕರ್ನಾಟಕದ ಮಣ್ಣಿನಲ್ಲಿ ಹುಟ್ಟಿದವರಾಗಿದ್ದರು.

ಆ ಸ್ಥಳವನ್ನು ಆರಿಸಿದುದರಲ್ಲಿ ವಿಚಾರವಿದ್ದಿತು. ಕೊಂಕಣದಿಂದಲೂ ದೇಶದ ಮೇಲಣ ಜಿಲ್ಲೆಗಳಿಂದಲೂ ಬಂದ ಕುಟುಂಬಗಳು ಗಿರಣಿಗಳ ಸುತ್ತಲಿನ ಚಾಳುಗಳಲ್ಲಿ ತುಂಬಿಕೊಂಡಿದ್ದವು. ತಂದೆತಾಯಿಗಳು ಬೆಳಗಿನಿಂದ ಕತ್ತಲೆಯವರೆಗೆ ದುಡಿಮೆಯಲ್ಲಿರುವಾಗ ಮಕ್ಕಳು ಬೀದಿಯ ಪಾಲಾಗುತ್ತಿದ್ದರು. ಊರಿನಲ್ಲಾದರೆ ಅಜ್ಜಿ, ಸೋದರಮಾವ, ನೆರೆಯವರು ಯಾರಾದರೊಬ್ಬರು ಗದರಿಸಿ ಕೂರಿಸುವವರಿರುತ್ತಾರೆ. ನಗರದಲ್ಲಿ ಆ ಕಾವಲಿಲ್ಲ. ಶಾಲೆಯ ಬಾಗಿಲಲ್ಲಿ ಜಾತಿ ಕೇಳಿ ಹಿಂದಕ್ಕೆ ಕಳುಹಿಸಿದ ಹುಡುಗನನ್ನು ಜಾತಿ ಕೇಳದೆ ಕರೆದುಕೊಳ್ಳುವ ಸ್ಥಳಗಳು ಎರಡೇ; ಒಂದು ಹೆಂಡದಂಗಡಿ, ಇನ್ನೊಂದು ಜೂಜಿನ ಕಟ್ಟೆ. ಶಿಂದೆಯವರು ಮೂರನೆಯದೊಂದನ್ನು ತೆರೆದರು.

ಈ ಕಾರ್ಯಕ್ಕಾಗಿ ಅವರು ಕೊಟ್ಟ ಬೆಲೆಯು ಸಾಮಾನ್ಯವಾದುದಲ್ಲ. ತಮ್ಮ ಕುಟುಂಬವನ್ನು ಮಿಶನ್ನಿನ ವಸತಿಯಲ್ಲಿಯೇ, ಸ್ಪರ್ಶವೇ ಮೈಲಿಗೆಯೆಂದು ಸಮಾಜವು ನಂಬಿದ್ದ ಜನರ ನಡುವೆಯೇ ಇರಿಸಿದರು. ಅವರ ಸೋದರಿ ಜನಾಬಾಯಿಯವರು ಬಾಲಕಿಯರ ಮತ್ತು ಸ್ತ್ರೀಯರ ಶಿಕ್ಷಣದ ಹೊರೆಯನ್ನು ಹೊತ್ತರು. ಜಾತಿಬಾಂಧವರು ಅವರನ್ನು ದೂರವಿರಿಸಿದರು. ಆದರೆ ಕೇರಿಯ ನಡುವೆ ವಾಸಿಸಿದುದರಿಂದ ಅವರಿಗೆ ದೊರೆತ ಜ್ಞಾನವು ಹೊರಗೆ ನಿಂತು ಪ್ರಶ್ನೆ ಕೇಳುವ ಅಧಿಕಾರಿಗೆ ದೊರೆಯತಕ್ಕದ್ದಲ್ಲ. ಯಾವ ಮನೆಯಲ್ಲಿ ಕುಡಿತವಿದೆ, ಯಾವ ಮನೆಯ ಯಜಮಾನನು ಕಾಯಿಲೆಯಿಂದ ಮಲಗಿರುವುದರಿಂದ ಹುಡುಗನು ಶಾಲೆ ಬಿಟ್ಟಿದ್ದಾನೆ, ಯಾರ ಮಗಳಿಗೆ ಅಪಾಯವಿದೆ ಎಂಬುದು ನೆರೆಮನೆಯವನಿಗೆ ಮಾತ್ರ ತಿಳಿಯುವ ಸಂಗತಿ.

1908ರಲ್ಲಿ ಪುಣೆಯ ಶಾಖೆಯು ಆರಂಭವಾಯಿತು. ಕಾಲಕ್ರಮದಲ್ಲಿ ನಾನಾ ಪೇಠೆಯಲ್ಲಿ ಶಾಲೆ, ವಸತಿಗೃಹ, ಕೈಕಸುಬಿನ ಶಿಕ್ಷಣಗಳು ಒಂದೆಡೆ ಬಂದವು. ಇಂದೂರಿನ ಹೋಳ್ಕರ ಮನೆತನದ ಔದಾರ್ಯದ ಸ್ಮರಣೆಗಾಗಿ ಆ ಸ್ಥಳಕ್ಕೆ ಅಹಿಲ್ಯಾದೇವಿಯ ಹೆಸರಿಟ್ಟರು. 1912ರ ಅಕ್ಟೋಬರಿನಲ್ಲಿ ಪುಣೆಯಲ್ಲಿ ಸೇರಿದ ಪರಿಷತ್ತಿಗೆ ಡಾಕ್ಟರ್ ರಾಮಕೃಷ್ಣ ಗೋಪಾಲ ಭಾಂಡಾರಕರರು ಅಧ್ಯಕ್ಷರಾದರು. ಕರ್ನಾಟಕದಲ್ಲಿ ಹುಬ್ಬಳ್ಳಿಗೂ ಮಿಶನ್ನಿನ ಕಾರ್ಯವು ಹಬ್ಬಿತು. ನಮ್ಮ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿಯೇ ಇಂತಹ ಮಿಶನ್ನನ್ನು ಸ್ಥಾಪಿಸಿ, ದಲಿತ ಮಕ್ಕಳಿಗೆ ಶಾಲೆ ತೆರೆದು ಬಹಿಷ್ಕಾರವನ್ನುಂಡಿದ್ದರು. ಕರಾವಳಿಯ ಆ ಹಿರಿಯರನ್ನು ಈ ಪ್ರಸಂಗದಲ್ಲಿ ಸ್ಮರಿಸದಿದ್ದರೆ ಕೃತಘ್ನತೆಯಾದೀತು.

ಶಾಲೆಯೊಂದರಿಂದಲೇ ಎಲ್ಲವೂ ಸರಿಯಾಗುವುದೆಂದು ಶಿಂದೆಯವರು ಭಾವಿಸಲಿಲ್ಲ. ಹುಡುಗರನ್ನು ಕೆಡಿಸುವ ಕಾರಣಗಳನ್ನು ಒಂದೊಂದಾಗಿ ಹುಡುಕಿದರು. ಮದ್ಯಪಾನ ನಿಷೇಧದ ಚಳವಳಿಯಲ್ಲಿ ದುಡಿದರು. ಹೋಳಿಯ ದಿನಗಳಲ್ಲಿ ಅಶ್ಲೀಲ ಕೂಗು, ಕುಡಿತ, ಹೊಡೆದಾಟಗಳಿಗೆ ಬೀಳುತ್ತಿದ್ದ ತರುಣರನ್ನು ಬರಿದೆ ಬೈಯದೆ, ಅದೇ ದಿನಗಳಲ್ಲಿ ಆಟ, ಹಾಡು, ಸಭೆಗಳನ್ನು ಏರ್ಪಡಿಸುವ ಸುಧಾರಕರ ಯತ್ನದಲ್ಲಿ ಅವರದೂ ಪಾಲಿದ್ದಿತು. ಹಬ್ಬವನ್ನು ಕಿತ್ತುಕೊಂಡರೆ ಹುಡುಗನು ಬಿಡುವುದಿಲ್ಲ; ಬದಲಿಗೆ ಒಳ್ಳೆಯದೊಂದನ್ನು ಕೊಟ್ಟರೆ ಬರುತ್ತಾನೆ ಎಂಬುದು ಅವರ ಅನುಭವ.

ಪುಣೆಯ ಸಮೀಪದ ಜೇಜುರಿಯಲ್ಲಿ ಖಂಡೋಬನಿಗೆ ಎಳೆಯ ಹೆಣ್ಣುಮಕ್ಕಳನ್ನು ಮುರಳಿಯರೆಂದು ಅರ್ಪಿಸುವ ಪದ್ಧತಿಯಿದ್ದಿತು. ನಮ್ಮ ಮೈಲಾರಲಿಂಗನೇ ಅವರ ಖಂಡೋಬ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ನಮ್ಮ ಕಡೆ ನಡೆಯುತ್ತಿದ್ದುದೂ ಇದೇ ಅನ್ಯಾಯ. ದೇವರ ಹೆಸರಿನಲ್ಲಿ ಬಿಟ್ಟ ಹುಡುಗಿಯರು ಕೊನೆಗೆ ನಗರದ ವೇಶ್ಯಾವಾಟಿಕೆಗಳನ್ನು ಸೇರುತ್ತಿದ್ದರು. 1910ರ ಸುಮಾರಿಗೆ ಶಿಂದೆಯವರು ಜೇಜುರಿಯ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಸರಕಾರಕ್ಕೂ ಜನರಿಗೂ ಮನವಿ ಮಾಡಿದರು. ಇಂತಹ ಪದ್ಧತಿಗಳನ್ನು ತಡೆಯಲು ಮುಂಬಯಿ ಪ್ರಾಂತದಲ್ಲಿ 1934ರಲ್ಲಿಯೂ ಕರ್ನಾಟಕದಲ್ಲಿ 1982ರಲ್ಲಿಯೂ ಕಾನೂನುಗಳಾದವು. ಕಾನೂನು ಬರುವ ಎಷ್ಟೋ ವರ್ಷಗಳ ಮೊದಲೇ ಕೇರಿಯನ್ನು ಬಲ್ಲವರು ಆ ಅಪಾಯವನ್ನು ಗುರುತಿಸಿದ್ದರು.

ಈಗ ಅದೇ ಕಾಲದಲ್ಲಿ ನಡೆದ ಇನ್ನೊಂದು ಲೆಕ್ಕವನ್ನು ನೋಡೋಣ. 1871ರ ಅಪರಾಧಿ ಬುಡಕಟ್ಟುಗಳ ಕಾನೂನು 1911ರಲ್ಲಿ ಹೊಸ ರೂಪವನ್ನು ತಾಳಿ ಮುಂಬಯಿ ಪ್ರಾಂತಕ್ಕೂ ವ್ಯಾಪಿಸಿತು. ಕೆಲವು ಅಲೆಮಾರಿ ಜಾತಿಗಳನ್ನು ಒಟ್ಟಾಗಿಯೇ ಅಪರಾಧಿಗಳೆಂದು ಸಾರಿ, ಅವರ ಹೆಸರು, ಬೆರಳಚ್ಚು, ಚಲನವಲನಗಳನ್ನು ದಾಖಲೆಮಾಡಿ, ಗೊತ್ತಾದ ಹೊತ್ತಿಗೆ ಹಾಜರಿ ಕೊಡುವಂತೆ ಆಜ್ಞಾಪಿಸಲು ಅದರಲ್ಲಿ ಅವಕಾಶವಿದ್ದಿತು. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಸುಧಾರಣಾಶಾಲೆಗೆ ಸೇರಿಸುವ ಅಧಿಕಾರವನ್ನೂ ಅದು ಸರಕಾರಕ್ಕೆ ಕೊಟ್ಟಿತು. ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಬೇಲಿಯೊಳಗಿನ ವಸಾಹತುಗಳು ಎದ್ದವು. ಅಲ್ಲಿಯೂ ಶಾಲೆಯಿದ್ದಿತು, ಕಸುಬಿನ ಶಿಕ್ಷಣವಿದ್ದಿತು. ಕೆಲವು ಅಧಿಕಾರಿಗಳ ಉದ್ದೇಶವು ಸದುದ್ದೇಶವೇ ಆಗಿದ್ದಿರಬಹುದು. ಆದರೆ ಹುಟ್ಟಿದ ಕೂಸು ಏನೊಂದು ತಪ್ಪನ್ನೂ ಮಾಡುವ ಮೊದಲೇ ಕಳ್ಳರ ಪಟ್ಟಿಯ ಮನೆಗೆ ಸೇರಿರುತ್ತಿದ್ದಿತು. ಸ್ವಾತಂತ್ರ್ಯಾನಂತರ 1952ರಲ್ಲಿ ಆ ಕಾನೂನು ರದ್ದಾಯಿತು. ಪೊಲೀಸರ ಮತ್ತು ನೆರೆಯವರ ಮನಸ್ಸಿನಲ್ಲಿ ಉಳಿದ ಪಟ್ಟಿಯು ಅಷ್ಟು ಬೇಗ ರದ್ದಾಗಲಿಲ್ಲ.

ಎರಡು ಕಡೆಯಲ್ಲಿಯೂ ಪುಸ್ತಕವಿದ್ದಿತು, ಹೆಸರುಗಳಿದ್ದವು, ಹಾಜರಿಯಿದ್ದಿತು. ವಸಾಹತಿನ ಪುಸ್ತಕದಲ್ಲಿ ಹುಡುಗನ ಹೆಸರು ಕಾಣದಿದ್ದರೆ ಸಿಪಾಯಿಯು ಹುಡುಕಿಕೊಂಡು ಹೋಗುತ್ತಿದ್ದನು. ಶಾಲೆಯ ಪುಸ್ತಕದಲ್ಲಿ ಹಾಜರಿ ತಪ್ಪಿದರೆ ವಿಚಾರಿಸಲು ಹೋಗತಕ್ಕವನು ಶಿಕ್ಷಕನು. ಮಕ್ಕಳ ಮಾಹಿತಿಯನ್ನು ಯಾರು ಇಟ್ಟುಕೊಳ್ಳುತ್ತಾರೆ, ಯಾತಕ್ಕಾಗಿ ಇಟ್ಟುಕೊಳ್ಳುತ್ತಾರೆ ಎಂಬ ಪ್ರಶ್ನೆಯ ಸಾರವೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಶಿಂದೆಯವರ ಜೀವನದ ಇನ್ನೊಂದು ಪ್ರಸಂಗವು ಪುಣೆಯ ನಗರಸಭೆಗೆ ಸಂಬಂಧಿಸಿದ್ದು. ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ 1918ರಲ್ಲಿ ಆದ ಕಾನೂನಿನ ಮೇರೆಗೆ ನಗರಸಭೆಗಳು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಅಧಿಕಾರವನ್ನು ಪಡೆದವು. ಪುಣೆಯಲ್ಲಿ ಹಣವು ಸಾಲದೆಂಬ ಕಾರಣದಿಂದ ಹುಡುಗರಿಗೆ ಮಾತ್ರ ಮೊದಲು ಕಡ್ಡಾಯ ಮಾಡಿ ಹುಡುಗಿಯರನ್ನು ಮುಂದೆ ನೋಡೋಣವೆಂಬ ಪಕ್ಷವು ಪ್ರಬಲವಾಗಿದ್ದಿತು. ಇಬ್ಬರಿಗೂ ಒಟ್ಟಿಗೇ ಆಗಬೇಕೆಂದು ಶಿಂದೆಯವರು ಪಟ್ಟುಹಿಡಿದರು. 1920ರ ಆರಂಭದಲ್ಲಿ ಇದಕ್ಕಾಗಿ ಪುಣೆಯ ಬೀದಿಗಳಲ್ಲಿ ಮೆರವಣಿಗೆಗಳು ನಡೆದವು, ಸಭೆಗಳಲ್ಲಿ ಗದ್ದಲಗಳಾದವು. ತಾಯಿಗೆ ಓದು ಬಂದರೆ ಮನೆಯ ಮಕ್ಕಳಿಗೆ ಕಾವಲು ದೊರೆಯುವುದೆಂಬ ವಿಚಾರವನ್ನು ಊರು ಒಪ್ಪಲು ಇನ್ನೂ ಕಾಲ ಬೇಕಾಯಿತು.

ಅವರ ಉತ್ತರಾಯುಷ್ಯವು ಸನ್ಮಾನಗಳಿಂದ ತುಂಬಿದ್ದಲ್ಲ. ಮೇಲ್ಜಾತಿಯ ಸನಾತನಿಗಳಿಗೆ ಅವರು ಧರ್ಮಭ್ರಷ್ಟರಾಗಿ ತೋರಿದರು. ಇತ್ತ ಜಾಗೃತರಾದ ದಲಿತ ತರುಣರಿಗೆ ತಮ್ಮ ಸಂಸ್ಥೆಯನ್ನು ತಾವೇ ನಡೆಸಬೇಕೆಂಬ ನ್ಯಾಯವಾದ ಹಂಬಲವುಂಟಾಯಿತು. ಪ್ರಾತಿನಿಧ್ಯದ ಪ್ರಶ್ನೆಯಲ್ಲಿ ಶಿಂದೆಯವರ ಅಭಿಪ್ರಾಯವು ಡಾಕ್ಟರ್ ಅಂಬೇಡಕರರ ಅಭಿಪ್ರಾಯಕ್ಕಿಂತ ಭಿನ್ನವಾಗಿದ್ದಿತು. 1923ರಲ್ಲಿ ಅವರು ಮಿಶನ್ನಿನ ಆಡಳಿತದಿಂದ ಹಿಂದೆ ಸರಿದರು. ತಾನು ಕಟ್ಟಿದ ಮನೆಯ ಬೀಗದ ಕೈಯನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಎಷ್ಟು ಕಠಿಣವೆಂಬುದನ್ನು ಒಂದು ಸಣ್ಣ ಹೊಟೇಲನ್ನು ಕಟ್ಟಿದವನೂ ಬಲ್ಲನು. ಮರುವರ್ಷ ಮಂಗಳೂರಿನ ಬ್ರಾಹ್ಮಸಮಾಜದ ಕಾರ್ಯಕ್ಕಾಗಿ ನಮ್ಮ ಕರಾವಳಿಯಲ್ಲಿ ನೆಲೆಸಿ ಸೇವೆ ಸಲ್ಲಿಸಿದರು.

1930ರ ಕಾನೂನುಭಂಗ ಚಳವಳಿಯಲ್ಲಿ ಭಾಗವಹಿಸಿ ಆರು ತಿಂಗಳ ಸಶ್ರಮ ಸಜೆಯನ್ನು ಪಡೆದು ಯೆರವಡಾ ಸೆರೆಮನೆಯಲ್ಲಿದ್ದರು. ಆಗ ಅವರಿಗೆ 57 ವರ್ಷ ವಯಸ್ಸು. 1933ರಲ್ಲಿ ಭಾರತೀಯ ಅಸ್ಪೃಶ್ಯತೆಯ ಪ್ರಶ್ನೆಯನ್ನು ಕುರಿತ ಅವರ ಮರಾಠಿ ಗ್ರಂಥವು ಪ್ರಕಟವಾಯಿತು. ಅಲೆದು, ನೋಡಿ, ಎಣಿಸಿ, ಹಳೆಯ ದಾಖಲೆಗಳನ್ನು ಹುಡುಕಿ ಕೂಡಿಸಿದ ಮೂವತ್ತು ವರ್ಷಗಳ ಶ್ರಮವು ಅದರಲ್ಲಿದೆ. ತಮ್ಮ ನೆನಪುಗಳನ್ನೂ ಅವರು ಬರೆದಿಟ್ಟಿದ್ದಾರೆ. ದೀರ್ಘಕಾಲದ ಅನಾರೋಗ್ಯದ ತರುವಾಯ 1944ರ ಜನವರಿ 2ರಂದು ಪುಣೆಯಲ್ಲಿ ದಿವಂಗತರಾದರು.

ಅವರ ಜೀವಿತಕಾಲದಲ್ಲಿಯೇ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಇದೇ ವಿಚಾರವು ಶಾಸ್ತ್ರೀಯ ರೂಪವನ್ನು ಪಡೆಯಿತು. ಅಮೆರಿಕದ ಶಿಕಾಗೋ ನಗರವು 1899ರಲ್ಲಿ ಬಾಲಾಪರಾಧಿಗಳಿಗಾಗಿ ಪ್ರತ್ಯೇಕ ನ್ಯಾಯಾಲಯವನ್ನು ತೆರೆಯಿತು. ಮುಂದೆ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕ್‌ಕೇ ಎಂಬ ವಿದ್ವಾಂಸರು ಆ ನ್ಯಾಯಾಲಯಕ್ಕೆ ಬಂದ ಬಾಲಕರ ಮನೆಗಳನ್ನು ನಗರದ ನಕಾಶೆಯ ಮೇಲೆ ಚುಕ್ಕೆಗಳಿಂದ ಗುರುತಿಸಿದರು. ಚುಕ್ಕೆಗಳು ದಟ್ಟವಾಗಿದ್ದುದು ಕಾರಖಾನೆಗಳ ಮಗ್ಗುಲಿನ, ಬಾಡಿಗೆಯ ಕೋಣೆಗಳ ಹಳೆಯ ಮೊಹಲ್ಲೆಗಳಲ್ಲಿ. ದಶಕಗಳು ಕಳೆದಂತೆ ಆ ಮೊಹಲ್ಲೆಗಳಿಂದ ಒಂದು ದೇಶದ ವಲಸೆಗಾರರು ಹೋಗಿ ಇನ್ನೊಂದು ದೇಶದವರು ಬಂದರು. ಚುಕ್ಕೆಗಳ ದಟ್ಟಣೆ ಮಾತ್ರ ಅಲ್ಲಿಯೇ ಉಳಿಯಿತು. ಹೊರಟುಹೋದವರ ಮಕ್ಕಳಲ್ಲಿ ಅಪರಾಧವು ಇಳಿಯಿತು. 1942ರಲ್ಲಿ ಪ್ರಕಟವಾದ ಅವರ ಗ್ರಂಥದ ತಾತ್ಪರ್ಯವೆಂದರೆ, ದೋಷವು ಯಾವುದೊಂದು ಜನಾಂಗದ ರಕ್ತದಲ್ಲಿಲ್ಲ, ನೆಲೆತಪ್ಪಿದ ನೆರೆಹೊರೆಯಲ್ಲಿದೆ ಎಂಬುದು. ಆದುದರಿಂದ ಶಾ ಅವರು ಅಲ್ಲಿಯ ನಿವಾಸಿಗಳೇ ಸಮಿತಿಗಳನ್ನು ರಚಿಸಿಕೊಂಡು ತಮ್ಮ ಹುಡುಗರಿಗೆ ಆಟ, ಓದು, ಕೆಲಸಗಳನ್ನು ಒದಗಿಸುವ ಯೋಜನೆಯನ್ನು 1930ರ ದಶಕದಲ್ಲಿ ಆರಂಭಿಸಿದ್ದರು. ಪರಳದಲ್ಲಿಯೂ ನಾನಾ ಪೇಠೆಯಲ್ಲಿಯೂ ನಡೆದ ಕಾರ್ಯಕ್ಕೆ ಇದು ದೂರದ ನೆಂಟನೆನ್ನಬಹುದು.

ನಮ್ಮ ಕಾನೂನುಗಳೂ ನಿಧಾನವಾಗಿ ಈ ದಾರಿಗೆ ಬಂದಿವೆ. 1924ರ ಮುಂಬಯಿ ಮಕ್ಕಳ ಕಾನೂನು ಬಾಲಕರನ್ನು ದೊಡ್ಡವರ ಸೆರೆಮನೆಯಿಂದ ಬೇರೆಮಾಡುವ ಮೊದಲ ಹೆಜ್ಜೆಗಳಲ್ಲಿ ಒಂದು. 2009ರ ಶಿಕ್ಷಣ ಹಕ್ಕಿನ ಕಾನೂನಿನಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ತನ್ನ ವ್ಯಾಪ್ತಿಯಲ್ಲಿರುವ 14 ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆಯನ್ನು ಇಡತಕ್ಕದ್ದು. ವಲಸೆ ಬಂದ ಕುಟುಂಬಗಳ ಮಕ್ಕಳಿಗೂ ಶಾಲೆಯಲ್ಲಿ ಪ್ರವೇಶವನ್ನು ಖಚಿತಪಡಿಸತಕ್ಕದ್ದು. 2015ರ ಬಾಲನ್ಯಾಯ ಕಾನೂನಿನಂತೆ 18 ವರ್ಷ ತುಂಬದವನು ತಪ್ಪು ಮಾಡಿ ಸಿಕ್ಕಿದರೆ, ಅವನ ಮನೆ, ಓದು, ಸಹವಾಸ, ಕೆಲಸಗಳ ಪರಿಸ್ಥಿತಿಯನ್ನು ವಿಚಾರಿಸಿದ ವರದಿಯು ಮಂಡಳಿಯ ಮುಂದೆ ಬರಬೇಕು. ಅತಿ ಘೋರವಾದ ಕೆಲವು ಪ್ರಕರಣಗಳನ್ನು ಬಿಟ್ಟರೆ, ಅವನ ಶಿಕ್ಷೆಯ ದಾಖಲೆಯನ್ನು ಗೊತ್ತಾದ ಅವಧಿಯ ತರುವಾಯ ನಾಶಮಾಡಬೇಕು. ಒಮ್ಮೆ ಬರೆದ ಹೆಸರು ಎಂದಿಗೂ ಅಳಿಯದಿದ್ದ 1911ರ ಪಟ್ಟಿಯಿಂದ ಇಲ್ಲಿಗೆ ಬರಲು ದೇಶಕ್ಕೆ ನೂರು ವರ್ಷ ಹಿಡಿಯಿತು.

ಇನ್ನು ನಮ್ಮ ಮಾತು. ದಕ್ಷಿಣ ಕನ್ನಡದಿಂದಲೂ ಉಡುಪಿ, ಕುಂದಾಪುರಗಳ ಕಡೆಯಿಂದಲೂ ಎಳೆಯ ಹುಡುಗರು ಊರಿನವರ ಕೈಹಿಡಿದು ಮುಂಬಯಿ ಪುಣೆಗಳಿಗೆ ಬಂದು, ಮುಸುರೆ ತಿಕ್ಕಿ, ಮೇಜು ಒರೆಸಿ, ಮಾಣಿಯಾಗಿ, ಕ್ರಮೇಣ ಗಲ್ಲೆಗೆ ಬಂದ ಕಥೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಹಗಲೆಲ್ಲ ದುಡಿದು ರಾತ್ರಿಶಾಲೆಯಲ್ಲಿ ಓದಿ ಗುಮಾಸ್ತರಾದವರೂ ನಮ್ಮಲ್ಲಿದ್ದಾರೆ. ಆದರೆ ದಡ ಸೇರಿದವರ ಕಥೆಗಳಷ್ಟೇ ಉಳಿಯುತ್ತವೆ. ಒಂದು ಹೊಟೇಲಿನಿಂದ ಇನ್ನೊಂದಕ್ಕೆ, ಅಲ್ಲಿಂದ ಬೀದಿಗೆ, ಬೀದಿಯಿಂದ ಪೊಲೀಸು ಠಾಣೆಗೆ ಹೋದ ಹುಡುಗನ ಹೆಸರು ಯಾರ ಪುಸ್ತಕದಲ್ಲಿಯೂ ಇರುವುದಿಲ್ಲ. ಊರಿನಲ್ಲಿ ತಾಯಿಯು ಮಗನು ಪುಣೆಯಲ್ಲಿದ್ದಾನೆಂದು ತಿಳಿದು ನೆಮ್ಮದಿಯಿಂದಿರುತ್ತಾಳೆ.

ಹೊಟೇಲುಗಳಲ್ಲಿ 14 ವರ್ಷ ತುಂಬದ ಮಕ್ಕಳನ್ನು ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ಸರಕಾರವು ನಿಷೇಧಿಸಿದೆ. 2016ರ ತಿದ್ದುಪಡಿಯಿಂದ ಆ ನಿಷೇಧವು ಬಹುಮಟ್ಟಿಗೆ ಎಲ್ಲ ಉದ್ಯೋಗಗಳಿಗೂ ಅನ್ವಯಿಸುತ್ತದೆ. ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಉಳಿದ ಪ್ರಶ್ನೆ 14 ತುಂಬಿದ, 18 ತುಂಬದ ಹುಡುಗರದು. ಓದು ಬಿಟ್ಟು ಬಂದವರು, ಭಾಷೆ ತಿಳಿಯದವರು, ಪಗಾರದ ಹಣವನ್ನು ಮೊದಲ ಬಾರಿಗೆ ಕೈಯಲ್ಲಿ ಹಿಡಿದವರು, ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲಿಗೆ ಹೋಗಬೇಕೆಂದು ಅರಿಯದವರು. ಇವರು ಪುಣೆಯಲ್ಲಿ ಎಷ್ಟು ಮಂದಿ ಇದ್ದಾರೆಂದು ನಮ್ಮ ಯಾವ ಸಂಘವನ್ನು ಕೇಳಿದರೆ ಉತ್ತರ ದೊರೆತೀತು?

ಪ್ರತಿಯೊಂದು ಪೇಠೆಯಲ್ಲಿಯೂ ನಮ್ಮವರು ಒಂದು ಪುಸ್ತಕವನ್ನು ಇಡಬಹುದು. ಹುಡುಗನ ಹೆಸರು, ಊರು, ಪೋಷಕರ ವಿಳಾಸ, ಎಷ್ಟನೆಯ ಇಯತ್ತೆಯವರೆಗೆ ಓದಿದ್ದಾನೆ, ಎಲ್ಲಿ ಮಲಗುತ್ತಾನೆ, ಪಗಾರದಲ್ಲಿ ಊರಿಗೆ ಎಷ್ಟು ಹೋಗುತ್ತದೆ, ಮುಂದೆ ಓದುವ ಇಚ್ಛೆಯಿದೆಯೇ ಎಂಬಿಷ್ಟು ಸಾಕು. ತಿಂಗಳಿಗೊಮ್ಮೆ ನಂಬಿಕಸ್ತರಾದ ಇಬ್ಬರು ಅದನ್ನು ನೋಡಿ, ಕೆಲಸ ಬಿಟ್ಟ ಹುಡುಗನು ಎಲ್ಲಿಗೆ ಹೋದನೆಂದು ವಿಚಾರಿಸಬೇಕು. ಒಂದೇ ಪೇಠೆಯಿಂದ ಹೆಚ್ಚು ಹುಡುಗರು ತಪ್ಪಿಸಿಕೊಳ್ಳುತ್ತಿದ್ದರೆ ದೋಷವನ್ನು ಹುಡುಗರಲ್ಲಿ ಹುಡುಕುವ ಮೊದಲು ಆ ಪೇಠೆಯಲ್ಲಿ ಹುಡುಕಬೇಕು. ಅಲ್ಲಿ ಜೂಜಿನ ಅಡ್ಡೆಯಿದೆಯೇ, ಮಲಗಲು ಜಾಗವಿಲ್ಲವೇ, ಪಗಾರವು ಹೊತ್ತಿಗೆ ಸರಿಯಾಗಿ ದೊರೆಯುತ್ತಿಲ್ಲವೇ? ಕೊನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಮಾಲಿಕರು.

ಆ ಪುಸ್ತಕಕ್ಕೆ ಒಂದು ಕಟ್ಟುಪಾಡೂ ಇರತಕ್ಕದ್ದು. ಯಾವ ಹುಡುಗನ ಹೆಸರಿನ ಮುಂದೆಯೂ ಕೆಟ್ಟವನೆಂಬ ಶಬ್ದವನ್ನು ಬರೆಯಕೂಡದು. ಅದನ್ನು ಕೂಲಿ ಕಡಿಮೆ ಮಾಡಲು ಅಥವಾ ಕೆಲಸ ಬಿಟ್ಟವನಿಗೆ ಬೇರೆಡೆ ಕೆಲಸ ಸಿಗದಂತೆ ಮಾಡಲು ಬಳಸಕೂಡದು. ಹುಡುಗನಿಗೆ 18 ತುಂಬಿದ ದಿನ ಆ ಹಾಳೆಯನ್ನು ಅವನ ಕೈಗೇ ಕೊಟ್ಟುಬಿಡಬೇಕು. ಹೀಗಲ್ಲದಿದ್ದರೆ ನಾವು ಇಡುವ ಪುಸ್ತಕವು ಶಿಂದೆಯವರ ಶಾಲೆಯ ಪುಸ್ತಕವಾಗದೆ ವಸಾಹತಿನ ಹಾಜರಿಯಾದೀತು.

ಜಮಖಂಡಿಯ ಬಡ ಹುಡುಗನೊಬ್ಬನನ್ನು ಈ ಪುಣೆಯು ವಿದ್ಯಾರ್ಥಿವೇತನ ಕೊಟ್ಟು ಓದಿಸಿದ್ದರಿಂದ ಸಾವಿರಾರು ಮಕ್ಕಳು ಶಾಲೆಯ ಬಾಗಿಲನ್ನು ಕಂಡರು. ಇಂದು ನಮ್ಮ ಅಡುಗೆಮನೆಗಳ ಹಿಂಬಾಗಿಲಲ್ಲಿ ಕುಳಿತು ಬಟಾಟೆ ಸುಲಿಯುತ್ತಿರುವವರಲ್ಲಿ ಅಂಥವನೊಬ್ಬನು ಇರಬಹುದು. ಅವನ ಹೆಸರೇನು, ಊರು ಯಾವುದು, ಎಷ್ಟು ಓದಿದ್ದಾನೆ ಎಂದು ಈ ವಾರವೇ ಕೇಳಿ ಬರೆದಿಡುವ ಸಂಘಕ್ಕೆ ಈ ಪತ್ರಿಕೆಯು ತನ್ನ ಕೈಲಾದ ನೆರವನ್ನು ನೀಡಲು ಸಿದ್ಧವಿದೆ.